ಬೀಟಲ್‌ನ ಗೇರ್ ಲಿವರ್ ಎಲ್ಲಿ ಹಿಡಿದುಕೊಳ್ಳುತ್ತಿತ್ತು?

ಗಾಡಿ 1969ರ ಫೋಕ್ಸ್‌ವ್ಯಾಗನ್ ಬೀಟಲ್, 1500 ಸಿಸಿ ಎಂಜಿನ್, ನಾಲ್ಕು ಗೇರಿನದು. ಫಸ್ಟ್ ಸಲೀಸಾಗಿ ಬೀಳುತ್ತದೆ. ಅಲ್ಲಿಂದ ಸೆಕೆಂಡ್‌ಗೆ ಎಳೆದರೆ ಲಿವರ್ ನಡುದಾರಿಯಲ್ಲಿ ಹಿಡಿದುಕೊಳ್ಳುತ್ತದೆ. ಇನ್ನೂ ಜೋರು ಹಾಕಿದರೆ ಟನಲ್ (ಸೀಟುಗಳ ನಡುವೆ ಉದ್ದಕ್ಕೂ ಹಾಯುವ ತಗಡಿನ ಪೊಳ್ಳು ಉಬ್ಬು) ಒಳಗಿಂದ ಕಿರ್ರನೆ ಸದ್ದು ಬಂದು, ಆಮೇಲೆ ಒಮ್ಮೆಗೇ ಧಡಕ್ಕೆಂದು ಗೇರ್ ಬೀಳುತ್ತದೆ. ಥರ್ಡ್‌ಗೆ ಹೋಗಬೇಕೆಂದರೆ ನ್ಯೂಟ್ರಲ್‌ನಲ್ಲಿ ಲಿವರ್ ಬಲಕ್ಕೆ ಸರಿಯಲು ಹಟ ಮಾಡುತ್ತದೆ. ರಿವರ್ಸ್ ಸಿಕ್ಕಿದರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಆದರೆ ಒಮ್ಮೆ ಗೇರ್ ಬಿದ್ದ ಮೇಲೆ ಯಾವ ತಕರಾರೂ ಇಲ್ಲ. ಊಳಿಡುವ ಸದ್ದಿಲ್ಲ, ಆಕ್ಸಿಲರೇಟರ್ ಬಿಟ್ಟಾಗ ಗೇರ್ ಹಾರಿ ನ್ಯೂಟ್ರಲ್‌ಗೆ ಬರುವುದಿಲ್ಲ.

"ಗೇರ್‌ಬಾಕ್ಸ್ ಇಳಿಸಿ ಬಿಚ್ಚಲೇಬೇಕು" ಎಂಬ ತೀರ್ಪು ಗಾಡಿಯ ಜೊತೆಗೇ ಬಂದಿತ್ತು. ಬೀಟಲ್‌ನಲ್ಲಿ ಗೇರ್‌ಬಾಕ್ಸ್ ಇಳಿಸಬೇಕಾದರೆ ಮೊದಲು ಎಂಜಿನ್ ಇಳಿಸಬೇಕು. ಎಂಜಿನ್ ನಿಂತಿರುವುದೇ ನಾಲ್ಕು ಬೋಲ್ಟ್‌ಗಳ ಮೇಲೆ, ಹಾಗಾಗಿ ಅದು ಅಂಥ ದೊಡ್ಡ ಮಾತಲ್ಲ ನಿಜ. ಆದರೂ ಒಳಗಿನ ಗೇರ್ ಸವೆದಿದ್ದರೆ ಇರಬೇಕಾದ ಲಕ್ಷಣ ಒಂದೂ ಕಾಣದಿರುವಾಗ ಅಲ್ಲಿಂದ ಶುರು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕೈಗೂ ಗೇರ್‌ಬಾಕ್ಸಿಗೂ ನಡುವೆ ಉದ್ದನೆಯ ಒಂದು ದಾರಿಯಿದೆ, ಮೊದಲು ಆ ದಾರಿಯನ್ನು ನೋಡೋಣ ಎಂದುಕೊಂಡೆ.

ದಾರಿ ಹೀಗಿದೆ. ಎಂಜಿನ್ ಹಿಂದೆ, ಅದರ ಮುಂದೆ ಗೇರ್‌ಬಾಕ್ಸ್. ಲಿವರ್ ಮಾತ್ರ ಮುಂದಿನ ಸೀಟುಗಳ ನಡುವೆ, ಟನಲ್ ಮೇಲೆ. ಲಿವರ್‌ನ ಕೆಳತುದಿ ಟನಲ್ ಒಳಗಿನ ಶಿಫ್ಟ್ ರಾಡ್‌ಗೆ ಬೆಸೆದ ಸಾಕೆಟ್‌ನಲ್ಲಿ ಕೂರುತ್ತದೆ. ಮೀಟರಿಗೂ ಉದ್ದದ ಆ ರಾಡ್ ಹಿಂದಕ್ಕೆ ಹೋಗಿ, ಹಿಂದಿನ ಸೀಟಿನ ಕೆಳಗೆ ಒಂದು ಕಪ್ಲಿಂಗ್ (ಜೋಡಿಸುವ ಕೊಂಡಿ) ಮೂಲಕ ಗೇರ್‌ಬಾಕ್ಸಿನ ಮೂತಿಯಿಂದ ಹೊರಬಂದ ಶಾಫ್ಟ್‌ಗೆ ಸೇರುತ್ತದೆ. ಲಿವರ್ ಹಿಂದೆ ಮುಂದೆ ಆಡಿದರೆ ರಾಡ್ ಜಾರುತ್ತದೆ, ಎಡಕ್ಕೆ ಬಲಕ್ಕೆ ಆಡಿದರೆ ರಾಡ್ ತಿರುಚುತ್ತದೆ. ಅಂದರೆ ಒಂದೇ ರಾಡ್ ಎರಡೂ ಕೆಲಸ ಮಾಡಬೇಕು. ಅದನ್ನು ಟನಲ್ ಒಳಗೆ ಹಿಡಿದು ನಿಲ್ಲಿಸುವುದು ಒಂದೇ ಒಂದು ನೈಲಾನ್ ಬುಷ್, ಅಂದರೆ ರಾಡ್ ನಯವಾಗಿ ಜಾರಲು ಹಾಕಿದ ಉಂಗುರ. ಲಿವರ್ ಕಿಂಡಿಯಿಂದ ಸ್ವಲ್ಪ ಮುಂದಕ್ಕೆ, ಟನಲ್‌ಗೆ ಬೆಸೆದ ತಗಡಿನ ಬ್ರ್ಯಾಕೆಟ್‌ನಲ್ಲಿ ಅದು ಕೂತಿರುತ್ತದೆ.

ಬಿಚ್ಚುವ ಮುಂಚೆ ಕೈಯಲ್ಲೇ ಪತ್ತೆ

ಗೇರ್ ಬೀಳುತ್ತಿಲ್ಲ ಎಂಬ ಒಂದೇ ಮಾತಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ, ಮೂರೂ ಅಂಗೈಗೆ ಬೇರೆ ಬೇರೆಯಾಗಿಯೇ ತಿಳಿಯುತ್ತವೆ. ಲಿವರ್ ಗೋಡೆಗೆ ಬಡಿದ ಹಾಗೆ ಗಟ್ಟಿಯಾಗಿ ನಿಂತರೆ, ಒಳಗೆ ಹಲ್ಲಿಗೆ ಹಲ್ಲು ಎದುರಾಗಿದೆ ಎಂದರ್ಥ. ನಿಂತ ಗಾಡಿಯಲ್ಲಿ ಇದು ಸಹಜ, ಗಾಡಿಯನ್ನು ಗೇಣುದ್ದ ತಳ್ಳಿದರೆ ಬಿಡುತ್ತದೆ. ಕಡೆಯ ಸ್ವಲ್ಪ ದೂರದಲ್ಲಿ ಮಾತ್ರ ಮೆತ್ತಗೆ ಒತ್ತಿ ಹಿಡಿದು ಆಮೇಲೆ ಒಳಗೆ ಬಿಟ್ಟುಕೊಂಡರೆ ಅದು ಸಿಂಕ್ರೊ ರಿಂಗ್ (ಗೇರ್ ಕೂಡುವ ಮುಂಚೆ ವೇಗ ಸಮ ಮಾಡುವ ಉಂಗುರ) ಮಾಡುವ ಕೆಲಸ. ಎಣ್ಣೆ ತಣ್ಣಗೆ ದಪ್ಪಗಿರುವಾಗ ಇದು ಹೆಚ್ಚು, ಗಾಡಿ ಕಾದ ಮೇಲೆ ಕಡಿಮೆ. ಮೂರನೆಯದು ಹಿಡಿತ. ಲಿವರ್ ಚಲನೆಯ ಯಾವುದೋ ಜಾಗದಲ್ಲಿ ಉಜ್ಜುತ್ತದೆ, ಕೈ ಬಿಟ್ಟರೆ ಅಲ್ಲೇ ನಿಂತಿರುತ್ತದೆ, ಹಿಂದಕ್ಕೂ ಸುಲಭಕ್ಕೆ ಬರುವುದಿಲ್ಲ. ನಮ್ಮದು ಈ ಮೂರನೆಯದು. ತಣ್ಣಗಿದ್ದಾಗಲೂ ಕಾದಾಗಲೂ ಒಂದೇ ಥರ.

ಕ್ಲಚ್ ಮೇಲಿನ ಅನುಮಾನ ಬೇಗ ಪರಿಹಾರವಾಯಿತು. ಎಂಜಿನ್ ಆಫ್ ಮಾಡಿ ಗೇರ್ ಆಡಿಸಿದರೂ ಅದೇ ಹಿಡಿತ ಇತ್ತು. ಕ್ಲಚ್ ಪೂರ್ತಿ ಬಿಡುತ್ತಿಲ್ಲವಾದರೆ ಎಂಜಿನ್ ಓಡುವಾಗ ಮಾತ್ರ ಗೇರ್ ಹಟ ಮಾಡಬೇಕು, ನಿಂತಾಗ ಬೆಣ್ಣೆಯಂತೆ ಬೀಳಬೇಕು. ಆದರೂ ಖಾತ್ರಿಗೆ ಎಂಜಿನ್ ಓಡಿಸಿ, ಕ್ಲಚ್ ತುಳಿದು, ಒಂದೆರಡು ಉಸಿರಿನಷ್ಟು ಹೊತ್ತು ಬಿಟ್ಟು ರಿವರ್ಸ್ ಹಾಕಿ ನೋಡಿದೆ. ರಿವರ್ಸ್‌ಗೆ ಸಿಂಕ್ರೊ ಇಲ್ಲದ್ದರಿಂದ ಕ್ಲಚ್ ಎಳೆಯುತ್ತಿದ್ದರೆ ಅದು ಕರಕರ ಎಂದು ಹೇಳಿಬಿಡುತ್ತದೆ. ಇಲ್ಲಿ ಲಿವರ್ ಉಜ್ಜಿತೇ ಹೊರತು ಹಲ್ಲು ಕಿರುಚಲಿಲ್ಲ. ಪೆಡಲ್‌ನ ಪ್ಲೇ (ಕ್ಲಚ್ ಹಿಡಿಯುವ ಮುಂಚಿನ ಸಡಿಲ ಚಲನೆ) 10ರಿಂದ 20 ಮಿಲಿಮೀಟರ್ ಇರಬೇಕು, ಇತ್ತು. ಕಡಿಮೆಯೋ ಹೆಚ್ಚೋ ಆದರೆ ಗೇರ್‌ಬಾಕ್ಸ್ ಪಕ್ಕದಲ್ಲಿ ಕೇಬಲ್ ತುದಿಯ ರೆಕ್ಕೆ ನಟ್ಟು ತಿರುಗಿಸಿ ಸರಿ ಮಾಡಿಕೊಳ್ಳಬಹುದು.

ಕೊಂಡಿ ಕಳಚಿ ಎರಡು ಭಾಗ

ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಜೀವಾಳ ಈ ಹಂತವೇ. ಕಪ್ಲಿಂಗ್ ಕಳಚಿದರೆ ಗೇರ್ ವ್ಯವಸ್ಥೆ ಎರಡು ತುಂಡಾಗುತ್ತದೆ, ಹಿಡಿತ ಯಾವ ತುಂಡಿನಲ್ಲಿ ಉಳಿಯುತ್ತದೋ ಅಲ್ಲಿ ಹುಡುಕಿದರಾಯಿತು. ಇಷ್ಟು ಮಾಡದೆ ಬುಷ್, ಲಿವರ್, ಕಪ್ಲಿಂಗ್ ಎಲ್ಲವನ್ನೂ ಒಟ್ಟಿಗೆ ತರಿಸಿ ಹಾಕುವವರಿದ್ದಾರೆ. ಗಾಡಿ ಸರಿಹೋಗಬಹುದು, ಆದರೆ ಕೆಟ್ಟಿದ್ದು ಯಾವುದು ಎಂದು ಅವರಿಗೆ ಕಡೆಗೂ ಗೊತ್ತಾಗುವುದಿಲ್ಲ.

ಹಿಂದಿನ ಸೀಟಿನ ಕೂರುವ ಭಾಗ ಎತ್ತಿದೆ. ಬೀಟಲ್‌ನ ಬ್ಯಾಟರಿ ಅದೇ ಸೀಟಿನ ಕೆಳಗೆ, ಬಲಗಡೆ. ಸ್ಪ್ಯಾನರ್ ಹಿಡಿಯುವ ಮುಂಚೆ ಅದರ ಅರ್ಥ್ ತಂತಿ ತೆಗೆದಿಟ್ಟೆ. ಇಲ್ಲೇ ಇನ್ನೊಂದು ಮಾತು: ಸೀಟಿನ ಸ್ಪ್ರಿಂಗ್ ಜೋತುಬಿದ್ದು ಬ್ಯಾಟರಿ ಟರ್ಮಿನಲ್‌ಗೆ ತಾಗಿ ಬೆಂಕಿ ಹೊತ್ತಿಕೊಳ್ಳುವುದು ಈ ಗಾಡಿಗಳ ಹಳೆಯ ಅಪಾಯ. ಟರ್ಮಿನಲ್ ಮೇಲೆ ಮುಚ್ಚಳ ಇಲ್ಲದಿದ್ದರೆ ಗೇರ್ ಕೆಲಸ ಆಮೇಲೆ ಮಾಡಿ, ಮೊದಲು ಮುಚ್ಚಳ ಹಾಕಿ.

ಟನಲ್‌ನ ಹಿಂದಿನ ತುದಿಯಲ್ಲಿ ಒಂದೇ ಸ್ಕ್ರೂ ಹಿಡಿದ ಪುಟ್ಟ ತಗಡಿನ ಮುಚ್ಚಳವಿದೆ. ಅದನ್ನು ತೆಗೆದರೆ ಕಪ್ಲಿಂಗ್ ಕಾಣುತ್ತದೆ. ಗೇರ್‌ಬಾಕ್ಸ್ ಕಡೆಯ ಸ್ಕ್ರೂಗೆ ಚೌಕ ತಲೆ, ಅದು ತಿರುಗದಂತೆ ತಂತಿ ಕಟ್ಟಿರಬೇಕು. ಇಲ್ಲಿ ತಂತಿಯೇ ಇರಲಿಲ್ಲ. ಸ್ಕ್ರೂ ಬಿಗಿಯಾಗಿಯೇ ಇತ್ತು, ಆದರೆ ಹಿಂದೆ ಯಾರೋ ಇಲ್ಲಿಗೆ ಬಂದು ಹೋಗಿದ್ದಾರೆ ಎಂಬುದು ಖಚಿತವಾಯಿತು.

ಸ್ಕ್ರೂ ಬಿಚ್ಚಿ, ಗೇರ್‌ಬಾಕ್ಸ್ ಶಾಫ್ಟ್‌ನಿಂದ ಕಪ್ಲಿಂಗ್ ಮುಂದಕ್ಕೆ ಸರಿಸಿದೆ. ಈಗ ಶಾಫ್ಟ್ ಒಂಟಿ. ವೈಸ್ ಗ್ರಿಪ್ ಇಕ್ಕಳದ ಹಲ್ಲು ಶಾಫ್ಟ್ ಮೇಲೆ ಗೀರು ಬೀಳಿಸದಂತೆ ಬಟ್ಟೆ ಸುತ್ತಿ ಹಿಡಿದು, ತಿರುಚಿ ತಳ್ಳಿ ಎಳೆದು ನೋಡಿದೆ. ಒಳಗೆ ಗೇರ್ ಆರಿಸುವ ಮೂರು ಸರಳು, ಅಂದರೆ ಸೆಲೆಕ್ಟರ್ ರೈಲುಗಳಿವೆ: ಫಸ್ಟ್ ಮತ್ತು ಸೆಕೆಂಡ್‌ಗೆ ಒಂದು, ಥರ್ಡ್ ಮತ್ತು ಫೋರ್ತ್‌ಗೆ ಒಂದು, ರಿವರ್ಸ್‌ಗೆ ಒಂದು. ಪ್ರತಿ ರೈಲಿಗೂ ಸ್ಪ್ರಿಂಗ್ ಒತ್ತುವ ಗುಂಡು ಇದ್ದು, ಗೇರ್ ಕೂತಾಗ ಟಕ್ ಎಂದು ಬೆರಳಿಗೆ ತಿಳಿಯುತ್ತದೆ. ಒಂದೊಂದಾಗಿ ನಾಲ್ಕೂ ಗೇರ್, ರಿವರ್ಸ್, ಎಲ್ಲವೂ ಸಿಕ್ಕವು. ಒಂದೆರಡು ಕಡೆ ಗಾಡಿಯನ್ನು ಚೂರು ತಳ್ಳಬೇಕಾಯಿತು, ಅಷ್ಟೇ. ಶಾಫ್ಟ್ ಮೇಲೆ ಕೆಳಗೆ ಅಲುಗಿಸಿದರೆ ಮೂತಿಯ ಬುಷ್‌ನಲ್ಲಿ ಸ್ವಲ್ಪ ಸಡಿಲ ಇದೆ, ಆದರೆ ಗೇರ್‌ಬಾಕ್ಸ್ ಇಳಿಸಿ ಬದಲಿಸುವಷ್ಟಿಲ್ಲ.

ನಂತರ ಮುಂದೆ ಹೋಗಿ ಲಿವರ್ ಆಡಿಸಿದೆ. ಈಗ ಲಿವರ್‌ಗೆ ಅಂಟಿಕೊಂಡಿರುವುದು ರಾಡ್ ಮಾತ್ರ, ಅದು ಬೆರಳಲ್ಲಿ ಆಡಬೇಕು. ಆಡಲಿಲ್ಲ. ಅದೇ ನಡುದಾರಿಯ ಹಿಡಿತ, ಅದೇ ಕಿರ್ರೆನ್ನುವ ಸದ್ದು. ಗೇರ್‌ಬಾಕ್ಸ್ ನಿರಪರಾಧಿ.

ಲಿವರ್ ಕೆಳಗೆ

ಲಿವರ್ ಹಿಡಿದಿರುವುದು ಎರಡು ಬೋಲ್ಟ್, 13 ನಂಬರ್ ಸ್ಪ್ಯಾನರ್ ಸಾಕು. ಮ್ಯಾಟ್ ಸರಿಸಿ, ರಬ್ಬರ್ ಬೂಟ್ ಮೇಲೆತ್ತಿ, ಬೋಲ್ಟ್ ಬಿಚ್ಚುವ ಮುಂಚೆ ಲಿವರ್ ಬುಡದ ತಗಡು ಸುತ್ತಲೂ ಚೂಪು ಮೊಳೆಯಲ್ಲಿ ಗೆರೆ ಎಳೆದಿಟ್ಟುಕೊಳ್ಳಬೇಕು. ಬೋಲ್ಟ್ ಜಾಗದಲ್ಲಿ ಆ ಕಡೆ ಈ ಕಡೆ ಸರಿಯಲು ಅವಕಾಶವಿದೆ, ಮರಳಿ ಹಾಕುವಾಗ ಹಳೆಯ ಜಾಗ ಎಲ್ಲಿತ್ತು ಎಂದು ಗೊತ್ತಿರಬೇಕು.

ಲಿವರ್ ಜೊತೆಗೆ ಸ್ಪ್ರಿಂಗ್ ಬರುತ್ತದೆ, ಅದರ ಕೆಳಗೆ ಸ್ಟಾಪ್ ಪ್ಲೇಟ್ ಇರುತ್ತದೆ. ಸ್ಟಾಪ್ ಪ್ಲೇಟ್ ಸಣ್ಣ ತಗಡು, ಕೆಲಸ ಮಾತ್ರ ದೊಡ್ಡದು. ಬೀಟಲ್‌ನಲ್ಲಿ ರಿವರ್ಸ್ ಇರುವುದು ಸೆಕೆಂಡ್‌ನ ಎಡಕ್ಕೆ, ಲಿವರನ್ನು ಕೆಳಕ್ಕೆ ಒತ್ತಿ ಎಡಕ್ಕೆ ಸರಿಸಿ ಹಿಂದಕ್ಕೆ ಎಳೆಯಬೇಕು. ಒತ್ತದೆ ಎಡಕ್ಕೆ ಹೋಗದಂತೆ ತಡೆಯುವುದೇ ಈ ತಗಡು. ಮೇಲಕ್ಕೆ ಮಡಚಿದ ಅಂಚು ಬಲಕ್ಕೆ ಬರುವ ಹಾಗೆ ಇದು ಕೂರಬೇಕು. ನಮ್ಮ ಗಾಡಿಯಲ್ಲಿ ಅದು ತಿರುಗಿಸಿ ಕೂತಿತ್ತು! ಥರ್ಡ್‌ಗೆ ಬಲಕ್ಕೆ ಸರಿಯುವಾಗಿನ ಹಟ, ರಿವರ್ಸ್‌ನ ಲಾಟರಿ, ಎರಡಕ್ಕೂ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ತಂತಿ ಕಟ್ಟದೆ ಹೋದ ಕೈಯೇ ಇದನ್ನೂ ಮಾಡಿರಬೇಕು.

ಆದರೆ ಸೆಕೆಂಡ್‌ಗೆ ಎಳೆಯುವಾಗಿನ ಕಿರ್ ಸದ್ದಿಗೆ ಸ್ಟಾಪ್ ಪ್ಲೇಟ್ ಉತ್ತರವಲ್ಲ. ಟಾರ್ಚ್ ಹಿಡಿದು ಕಿಂಡಿಯೊಳಗೆ ನೋಡಿದೆ. ಸಾಕೆಟ್‌ನಲ್ಲಿ ಗ್ರೀಸ್ ಎನ್ನುವುದು ಕಂದು ಬಣ್ಣದ ಮೇಣವಾಗಿ ಹೆಪ್ಪುಗಟ್ಟಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಕೆರೆದು ಬಟ್ಟೆಗೆ ಒರೆಸಿದರೆ ನಡುವೆ ಬಿಳಿಯ ಚೂರೊಂದು, ಉಗುರಿನಷ್ಟು ದೊಡ್ಡದು, ಒಂದು ಕಡೆ ಬಾಗಿದೆ, ಇನ್ನೊಂದು ಕಡೆ ಮುರಿದ ಚೂಪು ಅಂಚು. ಬುಷ್‌ನ ತುಂಡು. ಕೈ ಮುಂದಕ್ಕೆ ಚಾಚಿ ಬ್ರ್ಯಾಕೆಟ್ ತಡಕಿದರೆ, ನೈಲಾನ್ ಇರಬೇಕಾದ ಜಾಗದಲ್ಲಿ ಬೆರಳಿಗೆ ಸಿಕ್ಕಿದ್ದು ಬರೀ ಕಬ್ಬಿಣ. ಬುಷ್‌ನ ಕೆಳಭಾಗ ಪೂರ್ತಿ ಹೋಗಿದೆ, ಮೇಲಿನ ಕಮಾನು ಮಾತ್ರ ಬ್ರ್ಯಾಕೆಟ್‌ಗೆ ಸಿಕ್ಕಿಕೊಂಡು ರಾಡ್ ಮೇಲೆ ಓರೆಯಾಗಿ ಕೂತಿದೆ. ಬುಷ್ ಸುತ್ತ ಇರಬೇಕಾದ ತಂತಿ ಬಳೆ ರಾಡ್ ಮೇಲೆ ಸಡಿಲವಾಗಿ ನೇತಾಡುತ್ತಿತ್ತು.

ಬುಷ್ ಸವೆದು ಹೋದರೆ ಗೇರ್ ಸಡಿಲವಾಗಬೇಕಲ್ಲ, ಬಿಗಿಯಾಗುವುದು ಹೇಗೆ ಎಂದು ಕೇಳುವವರಿದ್ದಾರೆ. ಆಧಾರ ಸಡಿಲವಾದಾಗ ರಾಡ್ ತಲೆ ತಗ್ಗಿಸಿ ಓರೆಯಾಗುತ್ತದೆ. ಓರೆಯಾದ ರಾಡನ್ನು ನೇರ ರಂಧ್ರದಲ್ಲಿ ತಳ್ಳಿದರೆ ರಂಧ್ರದ ಎರಡು ಎದುರು ಅಂಚುಗಳು ಅದನ್ನು ಕಚ್ಚಿ ಹಿಡಿಯುತ್ತವೆ. ಹಳೆಯ ಮೇಜಿನ ಡ್ರಾಯರನ್ನು ಒಂದೇ ಮೂಲೆಯಲ್ಲಿ ಹಿಡಿದು ಎಳೆದರೆ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. ಜೋರು ಹೆಚ್ಚಿಸಿದಷ್ಟೂ ಕಚ್ಚುವುದೂ ಹೆಚ್ಚುತ್ತದೆ, ಅದಕ್ಕೇ ಲಿವರ್ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ಮೇಲಾಗಿ ಬೀಟಲ್‌ನ ರಾಡ್ ತಿರುಚಬೇಕು ಕೂಡ. ಮುರಿದ ನೈಲಾನ್ ಚೂರು ಬೆಣೆಯಾಗಿ ಕೂತರೆ ಎರಡು ಚಲನೆಯಲ್ಲಿ ಒಂದಕ್ಕಾದರೂ ಅಡ್ಡ ಬಂದೇ ಬರುತ್ತದೆ.

ಹೊಸ ಬುಷ್ ಕೂರಿಸುವುದು

ಸಾಮಾನು ಚಿಕ್ಕದು, ಕೂರಿಸುವುದು ತಾಳ್ಮೆಯ ಕೆಲಸ. ರಾಡನ್ನು ಬ್ರ್ಯಾಕೆಟ್‌ನಿಂದ ಹೊರಗೆ ತಂದರೆ ಮಾತ್ರ ಬುಷ್ ಹಾಕಲು ಜಾಗ. ಹಿಂದೆ ಕಪ್ಲಿಂಗ್ ರಾಡ್‌ನಿಂದಲೂ ಕಳಚಿ, ರಾಡ್‌ನ ಹಿಂದಿನ ತುದಿಯನ್ನು ಗೇರ್‌ಬಾಕ್ಸ್ ಶಾಫ್ಟ್‌ನ ಪಕ್ಕಕ್ಕೆ ತಪ್ಪಿಸಿ, ಲಿವರ್ ಕಿಂಡಿಯಿಂದ ವೈಸ್ ಗ್ರಿಪ್‌ನಲ್ಲಿ ರಾಡ್ ಹಿಡಿದು ಅಂಗುಲ ಅಂಗುಲವಾಗಿ ಹಿಂದಕ್ಕೆ ನಡೆಸಿದೆ. ಟನಲ್ ಒಳಗೆ ರಾಡ್ ಒಂದೇ ಇಲ್ಲ ಎನ್ನುವುದು ನೆನಪಿರಲಿ. ಕ್ಲಚ್, ಆಕ್ಸಿಲರೇಟರ್, ಹ್ಯಾಂಡ್‌ಬ್ರೇಕ್ ಕೇಬಲ್‌ಗಳ ಜೊತೆಗೆ ಪೆಟ್ರೋಲ್ ಪೈಪೂ ಅಲ್ಲಿಂದಲೇ ಹಾದುಹೋಗುತ್ತದೆ. ಇಕ್ಕಳ ಜಾರಿ ಆ ಪೈಪಿಗೆ ಬಡಿದರೆ ಗೇರ್ ರಿಪೇರಿ ಬೇರೆಯದೇ ರಿಪೇರಿಯಾಗುತ್ತದೆ. ಈ ಕಿಂಡಿಯ ಹತ್ತಿರ ಕಿಡಿ ಹಾರಿಸುವ ಯಾವ ಕೆಲಸವೂ ಬೇಡ.

ರಾಡ್‌ನ ಮುಂದಿನ ತುದಿ ಕಿಂಡಿಗೆ ಬಂದಾಗ ಅದರ ಸ್ಥಿತಿ ಕಣ್ಣಾರೆ ಕಂಡಿತು. ಕೆಳಮೈಯಲ್ಲಿ ಬ್ರ್ಯಾಕೆಟ್ ಉಜ್ಜಿದ ಹೊಳೆಯುವ ಪಟ್ಟಿ, ಅದರ ಕೊನೆಯಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗೀರು, ತುದಿಯಲ್ಲಿ ಎದ್ದ ಲೋಹದ ಸಿಬಿರು. ಈ ಸಿಬಿರು ಹಾಗೇ ಬಿಟ್ಟು ಹೊಸ ಬುಷ್ ಹಾಕಿದರೆ ರಾಡ್ ಒಳಹೋಗುವಾಗಲೇ ನೈಲಾನನ್ನು ಸೀಳುತ್ತದೆ. ಸಣ್ಣ ಅರದಲ್ಲಿ ತುದಿಯ ಅಂಚು ಸುತ್ತಲೂ ಇಳಿಜಾರು ಮಾಡಿ, 400 ನಂಬರ್ ಎಮರಿ ಕಾಗದದಲ್ಲಿ ಗೀರು ನಯ ಮಾಡಿದೆ. ಅರದ ಪುಡಿ ಟನಲ್‌ಗೆ ಬೀಳದಂತೆ ಕೆಳಗೆ ಗ್ರೀಸ್ ಸವರಿದ ಬಟ್ಟೆ ತುರುಕಿದ್ದೆ. ಬ್ರ್ಯಾಕೆಟ್‌ನ ರಂಧ್ರದ ಅಂಚನ್ನೂ ಎಮರಿ ಸುತ್ತಿದ ಬೆರಳಲ್ಲಿ ಒಂದು ಸುತ್ತು ಉಜ್ಜಿದೆ.

ಹೊಸ ಬುಷ್ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ನೈಲಾನ್ ಬಳುಕುತ್ತದೆ. ತಂತಿ ಬಳೆಯನ್ನು ಬುಷ್ ಮೇಲೆ ಮೊದಲೇ ಏರಿಸಿ, ಎರಡು ಬೆರಳಲ್ಲಿ ಹಿಚುಕಿ ಬ್ರ್ಯಾಕೆಟ್‌ಗೆ ಒತ್ತಿದೆ. ಕಣ್ಣು ಅಲ್ಲಿಗೆ ಹೋಗುವುದಿಲ್ಲ, ಎಲ್ಲವೂ ಸ್ಪರ್ಶದಲ್ಲೇ. ಸುತ್ತಲೂ ಬೆರಳಾಡಿಸಿ, ತೋಡಿನಲ್ಲಿ ಸಮನಾಗಿ ಕೂತಿದೆ ಎಂದು ಖಾತ್ರಿಯಾದ ಮೇಲೆ ಒಳಗೆ ಗ್ರೀಸ್ ಸವರಿ ರಾಡ್ ಮುಂದಕ್ಕೆ ತಂದೆ. ರಾಡ್ ಒಳಹೋಗುವ ಗಳಿಗೆಯಲ್ಲಿ ಬುಷ್ ತಾನೂ ಮುಂದಕ್ಕೆ ಜಾರಿ ಬ್ರ್ಯಾಕೆಟ್ ಬಿಟ್ಟು ಹೊರಡಲು ನೋಡುತ್ತದೆ. ಒಂದು ಕೈಯ ಬೆರಳು ಅದನ್ನು ತಡೆಹಿಡಿದಿರಬೇಕು, ಇನ್ನೊಂದು ಕೈ ರಾಡನ್ನು ಚೂರು ತಿರುಚುತ್ತಾ ತಳ್ಳಬೇಕು. ಸುತ್ತಿಗೆ ಮುಟ್ಟಲೇಬಾರದು.

ಕೂತ ಮೇಲೆ ಬರಿಗೈಯಲ್ಲಿ ರಾಡ್ ಜಾರಿಸಿದೆ, ತಿರುಚಿದೆ. ಸದ್ದಿಲ್ಲ, ಎಲ್ಲೂ ಹಿಡಿಯಲಿಲ್ಲ.

ಕಪ್ಲಿಂಗ್ ಮತ್ತು ಹೊಂದಾಣಿಕೆ

ಕಪ್ಲಿಂಗ್ ಒಳಗಿನ ಬುಷ್‌ಗಳೂ ಒಣಗಿ ಬಿರುಕು ಬಿಟ್ಟಿದ್ದವು. ಹೇಗೂ ಕೈಯಲ್ಲಿದೆ ಎಂದು ಬದಲಿಸಿದೆ. ಮರಳಿ ಜೋಡಿಸುವಾಗ ಎಚ್ಚರ ಬೇಕಾದದ್ದು ಒಂದೇ: ಚೌಕ ತಲೆಯ ಸ್ಕ್ರೂನ ತುದಿ ಶಾಫ್ಟ್‌ನಲ್ಲಿರುವ ಗುಳಿಗೆ ಸರಿಯಾಗಿ ಇಳಿಯಬೇಕು. ಗುಳಿ ತಪ್ಪಿ ಪಕ್ಕದ ಮೈಯನ್ನು ಒತ್ತಿ ಹಿಡಿದರೂ ಸ್ಕ್ರೂ ಬಿಗಿದಂತೆಯೇ ಅನಿಸುತ್ತದೆ. ಆದರೆ ರಾಡ್‌ನ ಕೋನ ತಪ್ಪಿರುತ್ತದೆ, ಸ್ವಲ್ಪ ದಿನದಲ್ಲಿ ಜಾರುತ್ತದೆ, ಓಡುವ ಗಾಡಿಯಲ್ಲಿ ಗೇರೇ ಇಲ್ಲದ ಪರಿಸ್ಥಿತಿ ಬರುತ್ತದೆ. ಕನ್ನಡಿಯಲ್ಲಿ ಗುಳಿ ನೋಡಿ, ಸ್ಕ್ರೂ ಬೆರಳಲ್ಲೇ ಆದಷ್ಟು ಇಳಿಸಿ, ಆಮೇಲೆ ಸ್ಪ್ಯಾನರ್ ಹಾಕಿದೆ. ಕೊನೆಗೆ ಮೆದು ಕಬ್ಬಿಣದ ತಂತಿ, ಸ್ಕ್ರೂ ಬಿಗಿಯುವ ದಿಕ್ಕಿಗೇ ಎಳೆದು ಹಿಡಿಯುವಂತೆ ಸುತ್ತಿ ಕಟ್ಟಿದೆ.

ಲಿವರ್‌ನ ಗುಂಡು, ಕೆಳತುದಿ, ಸಾಕೆಟ್, ಸ್ಪ್ರಿಂಗ್ ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಹಾಕಿದ್ದಾಯಿತು. ಸ್ಟಾಪ್ ಪ್ಲೇಟ್ ಈಗ ಸರಿಯಾದ ಮುಖದಲ್ಲಿದೆ. ಲಿವರ್ ಕೂರಿಸಿ ಬೋಲ್ಟ್‌ಗಳನ್ನು ಕೈಬಿಗಿ ಮಾಡಿ, ಸೆಕೆಂಡ್ ಗೇರ್ ಹಾಕಿದೆ. ಹೊಂದಾಣಿಕೆ ಮಾಡುವುದು ಸೆಕೆಂಡ್‌ನಲ್ಲೇ, ಯಾಕೆಂದರೆ ರಿವರ್ಸ್ ತಡೆ ಅದರ ಪಕ್ಕದಲ್ಲಿದೆ. ಲಿವರ್ ಬುಡ ಮತ್ತು ಸ್ಟಾಪ್ ಪ್ಲೇಟನ್ನು ಒಟ್ಟಿಗೆ ಕೂದಲೆಳೆಯಷ್ಟು ಸರಿಸುತ್ತಾ, ಬಿಗಿಯುತ್ತಾ, ಎಲ್ಲ ಗೇರ್ ಹಾಕಿ ನೋಡುತ್ತಾ ಹೋಗಬೇಕು. ಹಳೆಯ ಗೆರೆಗೆ ಕೂರಿಸಿದಾಗ ಸೆಕೆಂಡ್ ಬಂತು, ಆದರೆ ಒತ್ತದೆಯೂ ರಿವರ್ಸ್ ಬಾಗಿಲಿಗೆ ಲಿವರ್ ಇಣುಕುತ್ತಿತ್ತು. ತಪ್ಪಾಗಿ ಕೂತ ಪ್ಲೇಟ್‌ಗೆ ಹೊಂದಿಸಿದ್ದ ಜಾಗ ಅದು, ಸರಿಯಾದ ಪ್ಲೇಟ್‌ಗೆ ಒಗ್ಗಲಿಲ್ಲ. ಗೆರೆಯಿಂದ ಒಂದು ದಾರದಷ್ಟು ಆಚೆ ಸರಿಸಿದ ಮೇಲೆ ನಾಲ್ಕೂ ಗೇರ್ ಸಲೀಸು, ರಿವರ್ಸ್ ಒತ್ತಿದರೆ ಮಾತ್ರ.

ಲಿವರ್ ಹೊರಗೆ ಬಂದಿದ್ದಾಗ ಅದರ ಬದಲು ಕಡಿಮೆ ದೂರ ಆಡುವ ಶಿಫ್ಟರ್ ಹಾಕಬಹುದಲ್ಲ ಎಂಬ ಸಲಹೆಯೂ ಬಂತು. ನನಗೆ ಇಷ್ಟವಿಲ್ಲ. ಕೈ ಆಡುವ ದೂರ ಕಡಿಮೆ ಮಾಡಿದರೆ ಹಾಕಬೇಕಾದ ಜೋರು ಅಷ್ಟೇ ಹೆಚ್ಚುತ್ತದೆ, ಆ ಜೋರೆಲ್ಲ ಹೋಗಿ ಬೀಳುವುದು ಇದೇ ಬಡಪಾಯಿ ಬುಷ್ ಮತ್ತು ಸಿಂಕ್ರೊಗಳ ಮೇಲೆ.

ಓಡಿಸಿ ನೋಡಿದ ಮೇಲೆ

ಸೆಕೆಂಡ್ ಈಗ ಎರಡು ಬೆರಳಲ್ಲಿ ಬೀಳುತ್ತದೆ. ಥರ್ಡ್‌ಗೆ ಹೋಗುವಾಗ ಲಿವರ್ ತಾನಾಗಿ ಬಲಕ್ಕೆ ಜಾರುತ್ತದೆ. ಗಾಡಿ ತಣ್ಣಗಿರುವಾಗ ಫಸ್ಟ್‌ನಿಂದ ಸೆಕೆಂಡ್‌ಗೆ ಕಡೆಯಲ್ಲಿ ಚೂರು ಒತ್ತುವಿಕೆ ಇದೆ, ಕಾದ ಮೇಲೆ ಇಲ್ಲ. ಅದು ಸಿಂಕ್ರೊ, ವಯಸ್ಸಿನ ವಿಷಯ. ಯಾವ ಎಣ್ಣೆ ಒಳಗಿದೆಯೋ ತಿಳಿಯದ ಕಾರಣ ಗೇರ್ ಎಣ್ಣೆಯನ್ನೂ ಬದಲಿಸಿದೆ. ದಪ್ಪ ಎಸ್‌ಎಇ 90, ದರ್ಜೆ ಜಿಎಲ್-4, ಬದಲಿಸುವಾಗ ಹಿಡಿಯುವುದು 2.5 ಲೀಟರ್. ಹಳೆಯ ಎಣ್ಣೆ ಬೆರಳ ನಡುವೆ ಉಜ್ಜಿದಾಗ ಹಿತ್ತಾಳೆಯ ಹೊಳಪು ಸ್ವಲ್ಪ ಕಂಡಿತು, ಕಬ್ಬಿಣದ ಚೂರು ಇರಲಿಲ್ಲ.

ಒಂದು ಬಾಕಿ ಉಳಿದಿದೆ. ಫಸ್ಟ್‌ನಲ್ಲಿ ಜೋರಾಗಿ ಎಳೆದು ತಕ್ಷಣ ಆಕ್ಸಿಲರೇಟರ್ ಬಿಟ್ಟರೆ ಲಿವರ್ ತಲೆ ಸಣ್ಣಗೆ ಕುಣಿಯುತ್ತದೆ. ಗೇರ್‌ಬಾಕ್ಸಿನ ಮುಂದಿನ ಮೌಂಟ್ (ಅದನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಆಧಾರ) ಕೆಳಗೆ ಸರಳು ಹಾಕಿ ಎತ್ತಿ ನೋಡಿದರೆ ರಬ್ಬರ್ ತಗಡಿನಿಂದ ಅರ್ಧ ಬಿಟ್ಟಿದೆ. ಮೌಂಟ್ ಸಡಿಲವಾದರೆ ಲೋಡ್ ಬಿದ್ದಾಗ ಇಡೀ ಗೇರ್‌ಬಾಕ್ಸ್ ಅಲುಗಿ, ಕಪ್ಲಿಂಗ್ ಮೂಲಕ ರಾಡನ್ನೂ ಎಳೆಯುತ್ತದೆ. ಬುಷ್ ಮುರಿದದ್ದಕ್ಕೆ ಇದೂ ಪಾಲುದಾರ ಎಂದು ನನ್ನ ಅನುಮಾನ. ಕ್ಲಚ್ ಪ್ಲೇಟ್ ಬದಲಿಸಲು ಎಂಜಿನ್ ಇಳಿಸಬೇಕಾಗಿಯೇ ಇದೆ, ಮೌಂಟ್ ಕೆಲಸ ಅದರ ಜೊತೆಗೆ.